ಆಬೇದಾಳ ತೋಳಿನ ಕಲೆ

ಸಾವಿರದ ಒಂಬೈನೂರ ನಲವತ್ತೆಂಟನೆಯ ಇಸವಿ, ಸೆಪ್ಟೆಂಬರ್ ಆರು, ಸೋಮವಾರ. ಔರಾದದ ಪಿಂಜಾರ ಯುನುಸನ ಮನೆಯಲ್ಲಿ ಅವನ ಮಗಳು ಆಬೇದಾಳಿಗೆ ನಾನು ದೇವಿ ಹಾಕಿದೆ. ದೇವಿ ಹಾಕುವುದೆಂದರೆ ಸಿಡುಬಿನ ಲಸಿಕೆ. ನಮ್ಮ ಕಡೆ ರೋಗಕ್ಕೂ ದೇವಿ ಎಂದೇ ಹೆಸರು, ಅದರ ಔಷಧಕ್ಕೂ ಅದೇ ಹೆಸರು. ಎಡತೋಳಿನ ಮೇಲೆ ಎರಡು ಗೀರು ಎಳೆದೆ, ನಡುವೆ ಹೆಬ್ಬೆರಳಿನಷ್ಟು ಅಂತರ. ಹುಡುಗಿಗೆ ಆಗ ಎರಡೂವರೆ ವರ್ಷ. ಮೊದಲ ಗೀರಿಗೆ ಬೆಪ್ಪಾಗಿ ನನ್ನ ಮುಖ ನೋಡಿದಳು, ಎರಡನೆಯದಕ್ಕೆ ಬಾಯಿ ತೆರೆದು ಅತ್ತಳು, ಆಮೇಲೆ ನನ್ನ ಕೈ ಕಚ್ಚಿದಳು. ಕಚ್ಚುವ ಮಕ್ಕಳೆಂದರೆ ನನಗೆ ಮೊದಲಿನಿಂದಲೂ ಇಷ್ಟ.

ನಾನು ಆನಂದಮ್ಮ. ಬೀದರಿನ ಮಿಶನ್ ಕ್ರೈಸ್ತರ ಮಗಳು. ನಿಜಾಮ ಸರಕಾರದ ನೌಕರಿಯಲ್ಲಿ ಹೆಂಗಸರಿಗೆ, ಮಕ್ಕಳಿಗೆ ದೇವಿ ಹಾಕುತ್ತ ಬೀದರ, ಕಮಠಾಣ, ಭಾಲ್ಕಿ, ಔರಾದ ಎಂದು ತಿರುಗುತ್ತಿದ್ದೆ. ಜನ ನನ್ನನ್ನು ಎದುರಿಗೆ ನರ್ಸಬಾಯಿ ಎಂದು ಕರೆಯುತ್ತಿದ್ದರು, ಬೆನ್ನ ಹಿಂದೆ ಜಗಳಗಂಟಿ ಎಂದು. ಎರಡೂ ಸರಿಯೇ. ನನಗೆ ಬೈಯದೆ ಕೆಲಸ ಮಾಡಲು ಬರುತ್ತಿರಲಿಲ್ಲ. ಕೂಸಿನ ತೋಳು ತೊಳೆಯದ ತಾಯಿಗೆ ಬೈದೆ, ಗೀರಿನ ಮೇಲೆ ಸಗಣಿ ಮೆತ್ತಿದ ಅಜ್ಜಿಗೆ ಬೈದೆ, ಬಿಬ್ಬಿ ಹಚ್ಚಿದವರಿಗಂತೂ ಓಣಿಯೆಲ್ಲ ಕೇಳುವಂತೆ ಬೈದೆ. ಬಿಬ್ಬಿ ಎಂದರೆ ಕರಿಗೇರಿನ ಬೀಜ. ಅಗಸರು ಬಟ್ಟೆಗೆ ಗುರುತು ಹಾಕುವುದು ಅದರಿಂದಲೇ. ಸೂಜಿಗೆ ಚುಚ್ಚಿ ದೀಪಕ್ಕೆ ಹಿಡಿದರೆ ಕಪ್ಪು ಎಣ್ಣೆ ಒಸರುತ್ತದೆ, ಅದು ತಾಗಿದಲ್ಲಿ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಅಂಥದ್ದನ್ನು ಕೂಸಿಗೆ ಬೇನೆ ಬರಬಾರದೆಂದು ನಮ್ಮ ಕಡೆಯ ತಾಯಂದಿರು ಹೊಟ್ಟೆಗೋ ಅಂಗಾಲಿಗೋ ಮುಟ್ಟಿಸುತ್ತಾರೆ. ಔರಾದದ ಒಂದು ಮನೆಯಲ್ಲಿ ನಾನು ಬಿಬ್ಬಿಯ ಡಬ್ಬಿಯನ್ನೇ ಎತ್ತಿ ತಿಪ್ಪೆಗೆ ಎಸೆದಿದ್ದೆ. ರಹೀಮುನ್ನಿಸಾ ಅಂದು ನನ್ನ ಜೊತೆಗಿದ್ದಳು. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ರಹೀಮುನ್ನಿಸಾ ಯುನುಸನ ಹೆಂಡತಿ, ಆಬೇದಾಳ ತಾಯಿ, ಔರಾದದಲ್ಲಿ ನನಗಿದ್ದ ಒಬ್ಬಳೇ ಗೆಳತಿ. ಉಳಿದ ಮನೆಗಳಲ್ಲಿ ನನಗೆ ಜಗುಲಿಯವರೆಗೆ ಮಾತ್ರ ಹಾದಿ. ನಮ್ಮ ಅಜ್ಜ ಯಾವ ಕೇರಿಯಿಂದ ಎದ್ದು ಹೋಗಿ ಕ್ರೈಸ್ತನಾದ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವರು ಮೇಲಿನಿಂದ ನೀರು ಹೊಯ್ಯುತ್ತಿದ್ದರು, ನಾನು ಬೊಗಸೆಯಲ್ಲಿ ಕುಡಿದು, ಬಾಯಿ ಒರೆಸಿಕೊಂಡು, ಅವರಿಗೇ ಬೈಯುತ್ತಿದ್ದೆ. ರಹೀಮುನ್ನಿಸಾಳ ಮನೆಯಲ್ಲಿ ಹಾಗಿರಲಿಲ್ಲ. ಬಸ್ಸು ತಪ್ಪಿದ ದಿನ ಅಲ್ಲೇ ಊಟ, ಅವಳ ಮಗ್ಗುಲಲ್ಲೇ ಹಾಸಿಗೆ. ಹಾಸಿಗೆಗೆ ಏನು ಕಡಿಮೆ? ಯುನುಸ ಊರಿನ ಗಾದಿಗಳಿಗೆಲ್ಲ ಹತ್ತಿ ಬಡಿದು ತುಂಬುವವನು.

ಅವಳಿಗೆ ಮೊದಲು ಇಬ್ಬರು ಗಂಡುಮಕ್ಕಳಿದ್ದರು. ನಲವತ್ತೈದರ ಚಳಿಗಾಲದಲ್ಲಿ ಇಬ್ಬರೂ ಒಂದೇ ವಾರದಲ್ಲಿ ದೇವಿ ಬೇನೆಗೆ ಹೋದರು. ಆಮೇಲೆ ಹುಟ್ಟಿದವಳು ಆಬೇದಾ. ಈ ಒಂದನ್ನು ಉಳಿಸಿಕೊಳ್ಳುವುದು ಬಿಟ್ಟರೆ ರಹೀಮುನ್ನಿಸಾಳಿಗೆ ಲೋಕದಲ್ಲಿ ಬೇರೆ ಕೆಲಸವಿರಲಿಲ್ಲ. ಆದರೂ ಎರಡು ವರ್ಷ ಅವಳು ಆ ತೋಳನ್ನು ನನ್ನ ಕೈಗೆ ಕೊಡಲಿಲ್ಲ, ಏಕೆಂದರೆ ನಾನು ಮೊದಲ ಸಲವೇ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿದ್ದೆ.

ನನಗೆ ಈ ವಿದ್ಯೆ ಕಲಿಸಿದವರು ದಾನಿಯೇಲ ಡಾಕ್ಟರು, ಬೀದರಿನಲ್ಲಿ ನನ್ನ ಮೇಲಿನ ಅಧಿಕಾರಿ. ಮೆತ್ತಗಿನ ಮನುಷ್ಯ, ಹೇಳಿದ್ದನ್ನೇ ಹತ್ತು ಸಲ ಹೇಳುವವರು. ಕಾಲರಾದ ಸೂಜಿಯೇ ಬೇರೆ, ದೇವಿಯೇ ಬೇರೆ ಎಂದು ಅವರು ನನ್ನ ತಲೆಯಲ್ಲಿ ಕೂರಿಸಿದ್ದರು. ಕಾಲರಾದ ರೋಗಾಣುಗಳನ್ನು ಬೆಳೆಸಿ, ಕಾಯಿಸಿ ಕೊಂದು, ಸೀಸೆಯಲ್ಲಿ ತುಂಬುತ್ತಾರೆ. ಹೆಣವಾದರೂ ಮೈ ಅದನ್ನು ನೋಡಿ ಶತ್ರುವಿನ ಮುಖ ಕಲಿತುಕೊಳ್ಳುತ್ತದೆ, ಆದರೆ ಕಲಿತದ್ದು ಬಹಳ ದಿನ ನೆನಪಿರುವುದಿಲ್ಲ, ಆರು ತಿಂಗಳಿಗೆ ಮತ್ತೆ ಚುಚ್ಚಬೇಕು. ದೇವಿಯದು ಹಾಗಲ್ಲ. ದೇವಿ ಬೇನೆಗೆ ದೂರದ ನಂಟಿನ ಒಂದು ಸಾಧು ಬೇನೆಯನ್ನು ಕರುವಿನ ಹೊಟ್ಟೆಯ ಚರ್ಮದ ಮೇಲೆ ಎಬ್ಬಿಸಿ, ಅದರ ರಸವನ್ನು ಗಾಜಿನ ಸಣ್ಣ ಕೊಳವೆಗಳಲ್ಲಿ ಇಳಿಸಿ ಕಳಿಸುತ್ತಾರೆ. ಆ ರಸ ಜೀವಂತವಾಗಿರಬೇಕು. ತೋಳಿನಲ್ಲಿ ಅದು ಬೇರೂರಿ, ಬೆಳೆದು, ಎಂಟು ದಿನಕ್ಕೆ ಗುಳ್ಳೆ ಎಬ್ಬಿಸಬೇಕು. ಮೈ ಅದರೊಡನೆ ಹೊಡೆದಾಡಿ ಗೆಲ್ಲಬೇಕು. ಗೆದ್ದ ಮೈಗೆ ದೊಡ್ಡ ದೇವಿ ಬಂದರೂ ಹೆದರಿಕೆಯಿಲ್ಲ.

ಇದನ್ನೆಲ್ಲ ನಾನು ರಹೀಮುನ್ನಿಸಾಳಿಗೆ ಉತ್ಸಾಹದಿಂದ ಹೇಳಿದೆ. ಅವಳು ಮಗಳನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಳು.

"ಅಂದ್ರ ಜೀವಂತ ಬೇನಿನೇ ನನ್ನ ಮಗಳ ಮೈಯಾಗ ಬಿಡ್ತೀರೇನ್ರಿ?"

"ಇದು ಆ ಬೇನಿ ಅಲ್ಲ ಮಾರಾಯ್ತಿ. ಸಾಧು ಬೇನಿ."

"ನನ್ನ ಹುಡುಗರಿಗಿ ಬಂದಾಗೂ ಮೊದಲ ದಿವಸ ಸಾಧುನೇ ಇತ್ತು. ಕಾಲರಾದ್ದು ಸತ್ತದ್ದು ಅಂತೀರಲ್ಲ, ಹಂಗ ಇದನ್ನೂ ಸಾಯಿಸಿ ಹಾಕ್ರಿ."

"ಇದನ್ನ ಸಾಯಿಸಿದ್ರ ಇದು ಬರೇ ನೀರು!"

"ನೀರೇ ಹಾಕ್ರಿ ಮತ್ತ."

ಎರಡು ವರ್ಷ ಹೀಗೇ ಹೋಯಿತು. ನನಗೆ ರೇಗಿತು, ಬೈದೆ, ಮಾತು ಬಿಟ್ಟೆ, ಮತ್ತೆ ಅವಳ ಕೈಯ ಜೋಳದ ರೊಟ್ಟಿ ತಿಂದೆ. ಕಡೆಗೆ ಆ ಸೆಪ್ಟೆಂಬರಿನಲ್ಲಿ, ಗಡಿಯಾಚೆಯ ಹಳ್ಳಿಗಳಲ್ಲಿ ದೇವಿ ಎದ್ದಿದೆ ಎಂಬ ಸುದ್ದಿ ಬಂದಾಗ, ನಾನು ಕಷ್ಟದ ಹಾದಿ ಬಿಟ್ಟು ಸುಲಭದ ಹಾದಿ ಹಿಡಿದೆ. ಜೀವಂತದ ಮಾತೇ ಎತ್ತಲಿಲ್ಲ.

"ನೋಡು ರಹೀಮಾ, ಎಂಟು ದಿವಸಕ್ಕ ಇಲ್ಲಿ ಗುಳ್ಳಿ ಏಳ್ತದ. ಒಣಗಿ ಉದುರಿದ ಮ್ಯಾಲ ಒಂದು ಗುರ್ತು ಉಳೀತದ. ಆ ಗುರ್ತೇ ಕಾವಲಗಾರ. ಗುರ್ತು ಇದ್ದ ತೋಳಿಗಿ ದೇವಿ ಬರೂದಿಲ್ಲ. ಮುಗೀತು."

ಕಾವಲುಗಾರ ಎಂದರೆ ಅವಳಿಗೆ ತಿಳಿಯಿತು. ಮಗಳ ತೋಳನ್ನು ತಾನೇ ತೊಳೆದು ನನ್ನ ಮುಂದೆ ಹಿಡಿದಳು. ಎರಡು ವರ್ಷದಲ್ಲಿ ಆಗದ ಕೆಲಸ ಎರಡು ಮಾತಿನಲ್ಲಿ ಆಯಿತಲ್ಲ ಎಂದು ನಾನು ಬೀಗಿದೆ. ಆ ಕಾವಲುಗಾರನ ಮಾತಿಗೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ.

ಅಂದು ನನ್ನ ಪೆಟ್ಟಿಗೆಯಲ್ಲಿದ್ದ ರಸದ ಬಗ್ಗೆಯೂ ಹೇಳಬೇಕು. ಹೈದರಾಬಾದಿನಿಂದ ರೈಲಿನಲ್ಲಿ ಎರಡು ದಿನಕ್ಕೆ ಬರಬೇಕಾದ ಪಾರ್ಸಲು ಆ ಸಲ ಒಂಬತ್ತು ದಿನಕ್ಕೆ ಬಂದಿತ್ತು. ರಾಜ್ಯದಲ್ಲಿ ಏನೂ ನೆಟ್ಟಗಿರದ ಕಾಲ. ನಿಜಾಮನ ಕಡೆಯ ರಜಾಕಾರರ ಓಡಾಟ, ಗಡಿಯಲ್ಲಿ ತಡೆ, ಗಾಡಿಗಳಿಗೆ ಹೊತ್ತುಗೊತ್ತಿಲ್ಲ. ಕೊಳವೆಗಳಿಗೆ ಸುತ್ತಿದ್ದ ಒದ್ದೆ ಗೋಣಿ ಒಣಗಿ ಕಟ್ಟಿಗೆಯಾಗಿತ್ತು. ಆ ರಸ ಬಿಸಿ ತಾಳುವುದಿಲ್ಲ. ಮುಂದೆ ಎಷ್ಟೋ ವರ್ಷದ ಮೇಲೆ ಒಣಪುಡಿಯ ಲಸಿಕೆ ಬಂತು, ಬೀದರಿನ ಏಪ್ರಿಲ್ ಬಿಸಿಲನ್ನೂ ತಡೆಯುವಂಥದ್ದು. ಅದನ್ನು ಮೊದಲ ಸಲ ಕೈಯಲ್ಲಿ ಹಿಡಿದ ದಿನ ನಾನು ಆಫೀಸಿನಲ್ಲಿ ಕೂತು ಅತ್ತಿದ್ದೇನೆ. ನಲವತ್ತೆಂಟರಲ್ಲಿ ನಮಗಿದ್ದದ್ದು ಒದ್ದೆ ಗೋಣಿ ಮತ್ತು ನಂಬಿಕೆ.

"ಸತ್ತದೋ ಬದುಕ್ಯಾದೋ ನೋಡಿದ್ರ ಹ್ಯಾಂಗ ತಿಳೀತದ್ರಿ?" ಎಂದು ದಾನಿಯೇಲ ಡಾಕ್ಟರನ್ನು ಕೇಳಿದೆ.

"ನೋಡಿದ್ರ ತಿಳಿಯೂದಿಲ್ಲ ಆನಂದಮ್ಮ. ಹಾಕ್ರಿ. ಎಂಟನೇ ದಿವಸ ಕೂಸಿನ ತೋಳೇ ಹೇಳ್ತದ. ಗುಳ್ಳಿ ಏಳಲಿಲ್ಲಂದ್ರ ಹೊಸ ಔಷಧ ತರಿಸಿ ಮತ್ತ ಹಾಕೋಣ."

ಅದೇ ನಮ್ಮ ಕೆಲಸದ ರೀತಿ. ಹಾಕುವುದು ಅರ್ಧ ಕೆಲಸ, ಎಂಟನೆಯ ದಿನ ಹೋಗಿ ತೋಳು ನೋಡುವುದು ಇನ್ನರ್ಧ. ಸೋಮವಾರ ಔರಾದದಲ್ಲಿ ಹನ್ನೊಂದು ಮಕ್ಕಳಿಗೆ ಹಾಕಿದೆ, ಮುಂದಿನ ಸೋಮವಾರ ಬರುತ್ತೇನೆಂದು ಹೇಳಿ ಬಸ್ಸು ಹತ್ತಿದೆ.

ಮುಂದಿನ ಸೋಮವಾರ ಹದಿಮೂರನೆಯ ತಾರೀಖು. ಬೆಳಗ್ಗೆ ಪೆಟ್ಟಿಗೆ ಬಗಲಲ್ಲಿಟ್ಟುಕೊಂಡು ಬಸ್ಸಿಗೆ ಹೋದರೆ ಬಸ್ಸಿಲ್ಲ, ಡ್ರೈವರನಿಲ್ಲ, ಸುತ್ತ ಒಂದು ನರಪಿಳ್ಳೆಯಿಲ್ಲ. ತಲೆಯ ಮೇಲೆ ವಿಮಾನಗಳು ಹೋದವು. ಇಂಡಿಯಾದ ಸೈನ್ಯ ಒಳಗೆ ಬಂದಿದೆ ಎಂದು ಯಾರೋ ಕಿಟಕಿಯಿಂದ ಕೂಗಿದರು. ನಾನು ಮನೆಗೆ ಓಡಿಬಂದು ಬಾಗಿಲು ಹಾಕಿಕೊಂಡೆ. ಐದು ದಿನದಲ್ಲಿ ನಿಜಾಮನ ರಾಜ್ಯ ಮುಗಿದ ಸುದ್ದಿ ಬಂತು. ಬೀದರಿನ ಚೌಬಾರಾ ಗೋಪುರದ ಹತ್ತಿರ ಪೇಡೆ ಹಂಚಿದರು, ನಾನೂ ಕೈಯೊಡ್ಡಿ ತಿಂದೆ. ರಜಾಕಾರರಿಂದ ಬೇಸತ್ತವರಲ್ಲಿ ನಾವೂ ಇದ್ದೆವು. ಆಮೇಲಿನ ವಾರಗಳಲ್ಲಿ ಹಳ್ಳಿಗಳಿಂದ ಬೇರೆ ಸುದ್ದಿಗಳು ಬರತೊಡಗಿದವು. ರಜಾಕಾರರ ಮೇಲಿನ ಸಿಟ್ಟನ್ನು ಏನೂ ಮಾಡದ ಮುಸಲ್ಮಾನರ ಮೇಲೆ ತೀರಿಸಿಕೊಂಡ ಸುದ್ದಿಗಳು.

ಔರಾದದ ಹಾದಿ ತೆರೆದಾಗಲೂ ನನ್ನನ್ನು ಅತ್ತ ಬಿಡಲಿಲ್ಲ. ಬೀದರಿನ ಹೊರಗೆ ನೌಬಾದದ ಕಡೆಯ ಒಂದು ಹಾಳು ಸರಾಯಿಯಲ್ಲಿ, ದಾರಿಹೋಕರ ಹಳೆಯ ಛತ್ರದಲ್ಲಿ, ಗಂಡ ಸತ್ತ ಹೆಂಗಸರು, ಮಕ್ಕಳು ಬಂದು ತುಂಬಿಕೊಂಡಿದ್ದರು. ಒಂದೇ ಬಾವಿ, ನೂರಾರು ಜನ. ಕಾಲರಾ ಹತ್ತಿದರೆ ಗತಿಯಿಲ್ಲವೆಂದು ದಾನಿಯೇಲ ಡಾಕ್ಟರು ನನ್ನನ್ನು ಅಲ್ಲಿಗೆ ಹಾಕಿದರು. ದಿನವೆಲ್ಲ ಸೂಜಿ ಕುದಿಸುವುದು, ಚುಚ್ಚುವುದು. ಅಕ್ಟೋಬರ ನಡುವೆ ಒಂದು ಮಧ್ಯಾಹ್ನ ಸಾಲಿನಲ್ಲಿ ಕೂತ ಒಬ್ಬ ಹೆಂಗಸು ತಲೆಯೆತ್ತಿದಳು. ರಹೀಮುನ್ನಿಸಾ.

ನಾನು ಸೂಜಿ ಕೆಳಗಿಟ್ಟೆ. ಅವಳು ಅಳಲಿಲ್ಲ.

"ಹತ್ತಿ ಬಡೀಲಾಕ ಹಳ್ಳಿಗಿ ಹೋಗಿದ್ರು. ಬಿಲ್ಲು ಸಿಕ್ತು. ಅವರು ಸಿಗಲಿಲ್ಲ," ಎಂದಳು.

ಯುನುಸನ ಹತ್ತಿ ಬಡಿಯುವ ಬಿಲ್ಲು ಅವಳ ಗಂಟಿನ ಪಕ್ಕದಲ್ಲೇ ಇತ್ತು, ತಂತಿ ಹರಿದಿತ್ತು. ಆಬೇದಾ ಅದರ ಕಟ್ಟಿಗೆ ಹಿಡಿದು ನಿಂತಿದ್ದಳು. ನನ್ನನ್ನು ಗುರುತಿಸಿ ತನ್ನ ಎಡತೋಳನ್ನು ಅಂಗೈಯಿಂದ ಮುಚ್ಚಿಕೊಂಡಳು. ಎಷ್ಟೋ ದಿನಗಳ ಮೇಲೆ ನನಗೆ ನಗು ಬಂತು. ಅವಳ ಕೈ ಸರಿಸಿ ನೋಡಿದೆ.

ಕಲೆಯಿತ್ತು. ದೇವರೇ, ಕಲೆ ಬಿದ್ದಿದೆಯಲ್ಲ ಎಂದು ಎದೆ ಹಗುರವಾಯಿತು. ಆ ಹಗುರದಲ್ಲೇ ಕಣ್ಣಿಗೆ ಇನ್ನೊಂದೂ ಬಿತ್ತು. ನಾನು ಹಾಕಿದ್ದು ಎರಡು ಗೀರು, ಇದ್ದದ್ದು ಒಂದೇ ಕಲೆ. ಅದೂ ನಾನು ಹಾಕಿದ ಜಾಗಕ್ಕಿಂತ ತುಸು ಕೆಳಗೆ, ಅಂಚಿಗೆ ಕಪ್ಪು. ಒಂದು ಗೀರು ಹಿಡಿದಿದೆ, ಒಂದು ಹಿಡಿದಿಲ್ಲ ಎಂದುಕೊಂಡೆ. ಹಾಗೂ ಆಗುತ್ತದೆ. ಬೆರಳಿಟ್ಟು ನೋಡಿದ್ದರೆ ತಿಳಿಯುತ್ತಿತ್ತು. ಕೂತು ಮೆಲ್ಲಗೆ ಕೇಳಿದ್ದರೆ ತಿಳಿಯುತ್ತಿತ್ತು. ನಾನು ಕೇಳಿದ್ದು ನನ್ನ ಎಂದಿನ ದನಿಯಲ್ಲಿ.

"ಕೆರದು ಕೆಡಿಸಿಲ್ಲ, ಹೌದಿಲ್ಲೋ?"

ರಹೀಮುನ್ನಿಸಾ ತಲೆಯಲ್ಲಾಡಿಸಿ ಮಗಳ ತೋಳಿನ ಬಟ್ಟೆಯನ್ನು ಕೆಳಗೆ ಎಳೆದಳು. ಗಂಡನನ್ನು ಕಳೆದುಕೊಂಡವಳನ್ನು ಇನ್ನೇನು ಕೆದಕುವುದೆಂದು ನಾನೂ ಬಿಟ್ಟೆ. ಇಬ್ಬರಿಗೂ ಕಾಲರಾದ ಸೂಜಿ ಚುಚ್ಚಿದೆ. ಆಬೇದಾ ಮತ್ತೆ ಕಚ್ಚಿದಳು.

ಕಾಲರಾ ಸರಾಯಿಗೆ ಬರಲಿಲ್ಲ. ದೇವಿ ಬಂತು. ಡಿಸೆಂಬರ್ ಮೊದಲ ವಾರ ಹೊಸದಾಗಿ ಬಂದ ಗುಂಪಿನಲ್ಲಿ ಒಬ್ಬ ಮುದುಕನಿಗೆ ಮೈತುಂಬ ಎದ್ದಿತ್ತು. ದಾನಿಯೇಲ ಡಾಕ್ಟರು ಅವನನ್ನು ಬೇರೆ ಇರಿಸಿ ಹೈದರಾಬಾದಿಗೆ ತಂತಿ ಕೊಟ್ಟರು. ನಾಲ್ಕನೆಯ ದಿನ ಪಾರ್ಸಲು ಬಂತು, ಈ ಸಲ ಗೋಣಿ ಒದ್ದೆಯಿತ್ತು. ಹತ್ತೇ ಕೊಳವೆ. ಒಂದು ಕೊಳವೆ ಇಬ್ಬರಿಗೆ. ಇನ್ನಷ್ಟು ಬರುವುದು ಯಾವಾಗಲೋ ಗೊತ್ತಿಲ್ಲ, ಬೇನೆ ಸೋಂಕಿದ ಮೇಲೆ ಮೂರು ನಾಲ್ಕು ದಿನದೊಳಗೆ ಹಾಕಿದರೆ ಮಾತ್ರ ಉಪಯೋಗ.

ನಾನು ಮಕ್ಕಳನ್ನು ಎರಡು ಸಾಲು ಮಾಡಿದೆ. ತೋಳಿನಲ್ಲಿ ಕಲೆಯಿದ್ದವರು ಬಾವಿಯ ಕಡೆ, ಇಲ್ಲದವರು ನನ್ನ ಕಡೆ. ರಹೀಮುನ್ನಿಸಾ ಮಗಳನ್ನು ಎತ್ತಿಕೊಂಡು ಬಾವಿಯ ಕಡೆ ನಿಂತಳು. ಅವಳ ಮುಖದಲ್ಲಿ ಒಂದು ನೆಮ್ಮದಿಯಿತ್ತು, ತನ್ನ ಕೂಸಿಗೆ ಕಾವಲು ಮೊದಲೇ ಬಂದಿದೆ ಎಂಬ ನೆಮ್ಮದಿ. ನನ್ನ ಕಡೆ ಇಪ್ಪತ್ತೆರಡು ಮಕ್ಕಳು. ಕಡೆಯ ಐದಾರು ಮಕ್ಕಳಿಗೆ ಎರಡು ಗೀರಿನ ಬದಲು ಒಂದೊಂದೇ ಹಾಕಿ, ಕೊಳವೆಯನ್ನು ಊದಿ ಊದಿ ಕಡೆಯ ತೇವವನ್ನೂ ಇಳಿಸಿ ಎಲ್ಲರಿಗೂ ಸಾಲಿಸಿದೆ. ಒಬ್ಬರಿಗೆ ಆಗುವಷ್ಟು ಉಳಿಯಿತು.

ನಾನು ಬಾವಿಯ ಕಡೆ ನೋಡಿದೆ. ಆಬೇದಾಳ ಆ ಒಂದೇ ಕಲೆ ನನ್ನ ಮನಸ್ಸಿನಿಂದ ಹೋಗಿರಲಿಲ್ಲ. ಯಾಕಿರಬೇಕು, ಅವಳಿಗೆ ಇನ್ನೊಂದು ಗೀರು ಹಾಕಿಬಿಡೋಣ ಎಂದು ಎದ್ದೂ ನಿಂತೆ. ಆಗಲೇ ಕಮಠಾಣದ ಕಡೆಯ ಒಬ್ಬ ಹೆಂಗಸು ಹಿಂದಿನ ಕೋಣೆಯಿಂದ ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ಬಂದಳು. ಅದು ಮಲಗಿತ್ತಂತೆ, ಎಬ್ಬಿಸುವುದು ಬೇಡವೆಂದು ಕೂತಿದ್ದಳಂತೆ. ಅವಳಿಗೂ ಬೈದೆ. ಕೂಸಿನ ತೋಳು ಬರಿದು, ಆಬೇದಾಳ ತೋಳಿನಲ್ಲಿ ಕಲೆ. ಯಾವ ನರ್ಸಿಗೂ ಇದರಲ್ಲಿ ಯೋಚಿಸುವುದೇನೂ ಇರಲಿಲ್ಲ. ಕಡೆಯ ಹನಿ ಆ ಕೂಸಿಗೆ ಹೋಯಿತು. ಎಂಟನೆಯ ದಿನ ನೋಡಿದರೆ ಮುತ್ತಿನಂಥ ಗುಳ್ಳೆ ಎದ್ದಿತ್ತು.

ಕ್ರಿಸ್ಮಸ್ಸಿಗೆ ಮೂರು ದಿನವಿದ್ದಾಗ ಆಬೇದಾಳಿಗೆ ಜ್ವರ ಬಂತು. ಬೇರೆ ಜ್ವರವಿರಬೇಕು ಎಂದೆ. ಹಬ್ಬದ ದಿನ ಚರ್ಚಿನಿಂದ ನೇರವಾಗಿ ಸರಾಯಿಗೆ ಹೋದೆ, ಸೆರಗಿನಲ್ಲಿ ಅವಳಿಗೆಂದು ಕರ್ಜಿಕಾಯಿ ಕಟ್ಟಿಕೊಂಡು. ಅವಳ ಹಣೆ, ಕೆನ್ನೆ, ಮುಂಗೈ ಎಲ್ಲ ಕಡೆ ಎದ್ದಿತ್ತು. ಎಡತೋಳಿನ ಬಟ್ಟೆ ಸರಿಸಿದೆ. ಕಲೆಯ ಸುತ್ತ ಎದ್ದಿತ್ತು, ಕಲೆಯ ಅಂಚಿನ ಮೇಲೂ ಎದ್ದಿತ್ತು. ನಾನು ಅದರ ಮೇಲೆ ಬೆರಳಿಟ್ಟೆ, ಎರಡು ತಿಂಗಳ ಹಿಂದೆ ಇಡಬೇಕಾಗಿದ್ದ ಬೆರಳು. ನುಣ್ಣಗಿತ್ತು. ದೇವಿ ಹಾಕಿದ ಕಲೆ ನುಣ್ಣಗಿರುವುದಿಲ್ಲ, ದರ್ಜಿಯ ಬೆರಳ ಟೊಪ್ಪಿಗೆಯಂತೆ ಸಣ್ಣ ಸಣ್ಣ ತಗ್ಗು ಇರುತ್ತದೆ.

"ರಹೀಮಾ, ಇದೇನಿದು?"

ಅವಳು ಮಗಳ ಹೊದಿಕೆ ಸರಿಪಡಿಸಿದಳು.

"ನೀವು ಸೋಮವಾರ ಬರ್ತೇನಿ ಅಂದಿದ್ರಿ. ಬರಲಿಲ್ಲ. ಮ್ಯಾಲ ವಿಮಾನ ತಿರಗತಿದ್ವು, ಇವರು ಹೊರಗ ಹೋದವರು ಮನಿಗಿ ಬಂದಿರಲಿಲ್ಲ. ಮಗಳ ತೋಳು ನೋಡಿದೆ, ಖಾಲಿ ಇತ್ರಿ. ಗುಳ್ಳಿನೂ ಇಲ್ಲ, ಏನೂ ಇಲ್ಲ. ಕಾವಲಗಾರ ಬರಲೇ ಇಲ್ಲಲ್ಲ ಅಂತ ನನಗ ಜೀವಾನೇ ಹೋದಂಗಾಯ್ತು. ಇನ್ನ ಯಾರ್ನ ಕೇಳಲಿ? ಬಿಬ್ಬಿ ಹಚ್ಚಿದೆ. ಗುಳ್ಳಿ ಎದ್ದಿತು. ಒಣಗಿತು. ನೀವು ಹೇಳಿದಂಗೇ ಗುರ್ತು ಬಿತ್ತು."

"ನನಗ್ಯಾಕ ಹೇಳಲಿಲ್ಲ? ಇಲ್ಲಿಗಿ ಬಂದ ದಿವಸರೆ ಹೇಳಬಾರದಾ?"

"ಬಿಬ್ಬಿ ಅಂದ್ರ ನೀವು ಬೈತೀರಿ. ನಾ ಆಗ ಬೈಸಿಕೊಳ್ಳೂ ಹಂಗ ಇರಲಿಲ್ರಿ."

ಕರ್ಜಿಕಾಯಿಯ ಗಂಟನ್ನು ಅಲ್ಲೇ ಇಟ್ಟು ಹೊರಗೆ ಬಂದು ಸರಾಯಿಯ ಗೋಡೆಗೆ ಹಣೆ ಚಚ್ಚಿಕೊಂಡೆ. ಬೈದು ಬೈದು ಊರಿಗೆ ಬುದ್ಧಿ ಕಲಿಸಿದೆನೆಂದು ಮೆರೆದವಳು ನಾನು. ಕಲಿಸಿದ್ದು ಏನು? ನನ್ನಿಂದ ಬಚ್ಚಿಡುವುದನ್ನು.

ದೇವಿ ಎದ್ದ ಮೇಲೆ ಅದಕ್ಕೆ ಔಷಧವಿಲ್ಲ. ಬೇವಿನ ಸೊಪ್ಪಿನ ಮೇಲೆ ಮಲಗಿಸಿದೆವು, ಒದ್ದೆ ಬಟ್ಟೆ ಹಾಕಿದೆವು, ಚಮಚೆಯಲ್ಲಿ ನೀರು ಬಿಟ್ಟೆವು. ನಾನೂ ರಹೀಮುನ್ನಿಸಾಳೂ ಪಾಳಿಯಲ್ಲಿ ಅವಳ ಕೈ ಹಿಡಿದು ಕೂತೆವು, ಕೆರೆದುಕೊಳ್ಳದಂತೆ. ಕಡೆಯ ನಾಲ್ಕು ದಿನ ಆಬೇದಾ ಬಾಯಿ ತೆರೆದಾಗೆಲ್ಲ ನಾನು ನನ್ನ ಬೆರಳನ್ನು ಅವಳ ಹಲ್ಲಿನ ಹತ್ತಿರ ಒಯ್ಯುತ್ತಿದ್ದೆ, ಒಮ್ಮೆ ಕಚ್ಚಲಿ ಎಂದು. ಕಚ್ಚಲು ಅವಳಲ್ಲಿ ಬಲವಿರಲಿಲ್ಲ. ಹೊಸ ವರ್ಷದ ಮರುದಿನ, ಬಿಸಿಲು ಏರಿದ ಹೊತ್ತಿನಲ್ಲಿ, ತಾಯಿಯ ತೊಡೆಯ ಮೇಲೆ ತಣ್ಣಗಾದಳು.

ಮೈ ತೊಳೆಯಲು ಹೆಂಗಸರು ನೀರು ಕಾಯಿಸುತ್ತಿದ್ದರು. ರಹೀಮುನ್ನಿಸಾ ಮಗಳ ಎಡತೋಳನ್ನು ಬಿಟ್ಟಿರಲಿಲ್ಲ. ನನ್ನನ್ನು ಹತ್ತಿರ ಕರೆದಳು. ಅವಳ ಕಣ್ಣು ಒಣಗಿದ್ದವು.

"ಒಂದು ಖರೇ ಹೇಳ್ರಿ. ನಾ ಬಿಬ್ಬಿ ಹಚ್ಚಿದ್ದಕ್ಕೇ ಹೋದಳೇನ್ರಿ?"

ನಿಜ ಏನೆಂಬುದು ನನಗೆ ಗೊತ್ತಿತ್ತು. ಬಿಬ್ಬಿಯಿಂದ ದೇವಿ ಬರುವುದಿಲ್ಲ. ಆದರೆ ಆಬೇದಾಳ ತೋಳು ಬರಿದಾಗಿದ್ದಿದ್ದರೆ ಅವಳು ಬಾವಿಯ ಕಡೆ ನಿಲ್ಲುತ್ತಿರಲಿಲ್ಲ, ನನ್ನ ಸಾಲಿನ ಮೊದಲಿಗೇ ನಿಲ್ಲುತ್ತಿದ್ದಳು, ಇವತ್ತು ನನ್ನ ಬೆರಳು ಕಚ್ಚುತ್ತಿದ್ದಳು. ಇದನ್ನು ಒಬ್ಬ ತಾಯಿಗೆ ಹೇಗೆ ಹೇಳುವುದು? ಇಬ್ಬರು ಹುಡುಗರನ್ನು, ಗಂಡನನ್ನು ಕಳೆದುಕೊಂಡು ಉಳಿದ ಒಂದಕ್ಕೆ ತನ್ನ ಕೈಯಾರೆ ಕಾವಲು ಕಟ್ಟಲು ಹೋದವಳಿಗೆ?

"ಇಲ್ಲ," ಎಂದೆ. "ನಿನ್ನ ಬಿಬ್ಬಿಯಿಂದ ಏನೂ ಆಗಿಲ್ಲ. ಔರಾದದಾಗ ನಾ ಹಾಕಿದ ಔಷಧ ಸತ್ತಿತ್ತು. ಸತ್ತದ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಹಾಕಿದೆ."

ಸತ್ತಿತ್ತು ಎಂಬುದು ನಿಜ. ಗೊತ್ತಿತ್ತು ಎಂಬುದು ಸುಳ್ಳು, ನನಗಿದ್ದದ್ದು ಅನುಮಾನ. ಕಡೆಯ ಹನಿಯ ಮಾತನ್ನು ನಾನು ನುಂಗಿಕೊಂಡೆ.

ರಹೀಮುನ್ನಿಸಾ ನನ್ನ ಮುಖವನ್ನೇ ನೋಡಿದಳು. ನಿಧಾನವಾಗಿ ಅವಳ ಕಣ್ಣಿಗೆ ನೀರು ಬಂತು, ಯುನುಸ ಹೋದಾಗಲೂ ಬಾರದ ನೀರು.

"ನಿಮ್ಮನ್ನ ನನ್ನ ಹಾಸಿಗಿ ಮ್ಯಾಲ ಮಲಗಿಸಿಕೊಂಡಿದ್ದೆ," ಎಂದಳು. "ಏಳ್ರಿ ಇಲ್ಲಿಂದ. ನನ್ನ ಮಗಳ ಮಯ್ಯತ್ತಿನ ಹತ್ತಿರ ನೀವು ಇರಬ್ಯಾಡ್ರಿ."

ನಾನು ಎದ್ದೆ. ಬಾಗಿಲಲ್ಲಿ ದಾನಿಯೇಲ ಡಾಕ್ಟರು ನಿಂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು.

"ಯಾಕ ಹಂಗ ಹೇಳಿದ್ರಿ ಆನಂದಮ್ಮ?"

"ಆಕಿ ಇನ್ನ ಮೂವತ್ತು ನಲವತ್ತು ವರ್ಷ ಬದುಕಬೇಕಲ್ಲರಿ ಡಾಕ್ಟರ್. ತನ್ನ ಕೈ ನೋಡಿಕೋತ ಹ್ಯಾಂಗ ಬದುಕ್ತಾಳ?"

ಆ ವಾರವೇ ಅವಳ ಅಣ್ಣ ಶರಫೋದ್ದೀನ ಭಾಲ್ಕಿಯಿಂದ ಬಂದು ಅವಳನ್ನು ಕರೆದುಕೊಂಡು ಹೋದ. ಗಾಡಿ ಹತ್ತುವಾಗಲೂ ಅವಳು ನನ್ನ ಕಡೆ ತಿರುಗಲಿಲ್ಲ. ಫೆಬ್ರವರಿಯಲ್ಲಿ ನಾನು ಔರಾದಕ್ಕೆ ಹೋಗಿ ಆ ಸೋಮವಾರದ ಉಳಿದ ಹತ್ತು ಮಕ್ಕಳ ತೋಳು ನೋಡಿದೆ. ಹತ್ತೂ ಬರಿದು. ದೇವಿ ಅಲ್ಲಿಗೆ ಇನ್ನೂ ಕಾಲಿಟ್ಟಿರಲಿಲ್ಲ, ಅದೊಂದು ಪುಣ್ಯ. ಎಲ್ಲರಿಗೂ ಹೊಸದಾಗಿ ಹಾಕಿ, ಎಂಟನೆಯ ದಿನದವರೆಗೆ ಅಲ್ಲೇ ಉಳಿದೆ. ಯುನುಸನ ಮನೆಯಲ್ಲಿ ಬೇರೆ ಯಾರೋ ಇದ್ದರು. ನಾನು ಚಾವಡಿಯಲ್ಲಿ ಮಲಗಿದೆ.

ಅಲ್ಲಿಂದ ಮುಂದೆ ನಾನು ಬೈಯುವುದನ್ನು ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಕಡಿಮೆ ಮಾಡಿದೆ. ಆದರೆ ಪ್ರತಿಯೊಬ್ಬ ತಾಯಿಗೂ ಪೂರ್ತಿ ಹೇಳತೊಡಗಿದೆ: ಇದು ಜೀವಂತ ಔಷಧ, ಬೆಳೆಯಬೇಕು, ಗುಳ್ಳೆ ತಾನಾಗಿ ಏಳಬೇಕು, ಏಳದಿದ್ದರೆ ನನ್ನನ್ನು ಕರೆಯಿರಿ, ಏನು ಹಚ್ಚಿದ್ದರೂ ಹೇಳಿರಿ, ಬೈಯುವುದಿಲ್ಲ. ಜೊತೆಯ ನರ್ಸುಗಳು ಆಕಳಿಸುತ್ತಿದ್ದರು. ರಹೀಮುನ್ನಿಸಾಳ ನೆನಪು ಬಂದಾಗೆಲ್ಲ, ಅವಳು ಭಾಲ್ಕಿಯಲ್ಲಿ ಕೂತು ನನಗೆ ಶಾಪ ಹಾಕುತ್ತಿರಬೇಕು ಎಂದುಕೊಳ್ಳುತ್ತಿದ್ದೆ. ಹಾಕಲಿ. ಅದೊಂದೇ ನಾನು ಅವಳಿಗೆ ಕೊಡಲು ಸಾಧ್ಯವಾದದ್ದು. ಐದು ವರ್ಷ ನಾನು ಆ ಸಮಾಧಾನದ ಮೇಲೆಯೇ ಬದುಕಿದೆ.

ಐವತ್ಮೂರರ ಚಳಿಗಾಲದಲ್ಲಿ ಭಾಲ್ಕಿಯ ಸುತ್ತು ಮತ್ತೆ ನನ್ನ ಪಾಲಿಗೆ ಬಂತು. ಶರಫೋದ್ದೀನನ ಓಣಿ ಎಂದು ಗೊತ್ತಿತ್ತು. ಗೊತ್ತಿದ್ದೇ ಹೋದೆ, ಕಾಲು ಮಾತ್ರ ಮುಂದೆ ಬರುತ್ತಿರಲಿಲ್ಲ. ಮೊದಲ ಮನೆಯ ಸೊಸೆ ಕೂಸಿನ ತೋಳು ಕೊಡುವ ಮೊದಲು ಕೇಳಿದಳು:

"ಔಷಧ ಜೀವಂತ ಅದ ಏನ್ರಿ?"

ನಾನು ಬೆಚ್ಚಿದೆ. ಎರಡನೆಯ ಮನೆಯಲ್ಲೂ ಅದೇ ಪ್ರಶ್ನೆ, ಮೂರನೆಯದರಲ್ಲೂ ಅದೇ. ಯಾವ ಊರಿನಲ್ಲೂ ಯಾವ ತಾಯಿಯೂ ನನ್ನನ್ನು ಹೀಗೆ ಕೇಳಿರಲಿಲ್ಲ. ಯಾರು ಹೇಳಿಕೊಟ್ಟರೆಂದು ನಾನು ವಿಚಾರಿಸಲಿಲ್ಲ.

ಓಣಿಯ ಕೊನೆಯ ಬಾಗಿಲಲ್ಲಿ ಅವಳು ನಿಂತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು, ಇನ್ನೂ ಮೂವತ್ತು ದಾಟಿರಲಿಕ್ಕಿಲ್ಲ. ಸೊಂಟದ ಮೇಲೆ ಅಣ್ಣನ ಮಗು. ಅದರ ತೋಳನ್ನು ತೊಳೆದು ಇಟ್ಟಿದ್ದಳು, ಒಣಬಟ್ಟೆಯಿಂದ ಒರೆಸಿದ್ದಳು. ನಾನು ಕೊಳವೆ ತೆಗೆದೆ. ಅವಳು ತೋಳನ್ನು ತನ್ನ ಮುಷ್ಟಿಯಲ್ಲೇ ಹಿಡಿದುಕೊಂಡಳು.

"ಜೀವಂತ ಅದ ಏನ್ರಿ?"

"ಅದ ರೀ," ಎಂದೆ. ಅವಳಿಗೆ ಎಂದೂ ಬಹುವಚನ ಹಚ್ಚದವಳು ನಾನು. "ನಿನ್ನೆ ಬಂದದ್ದು. ಬರ್ಫದಾಗ ಇಟ್ಟು ತಂದೇನಿ. ಎಂಟನೇ ದಿವಸ ಬರ್ತೇನಿ, ಸತ್ತರೂ ಬರ್ತೇನಿ."

ಅವಳು ಮಗುವಿನ ತೋಳನ್ನು ನೋಡುತ್ತ ನಿಂತಳು. ಈಗ ಬೈಯುತ್ತಾಳೆ, ಓಣಿಯ ಎದುರಿಗೆ ನನ್ನ ಮುಖಕ್ಕೆ ಉಗಿಯುತ್ತಾಳೆ ಎಂದು ಕಾದೆ. ಉಗಿಯಲಿ ಎಂದು ಬೇಡಿಕೊಂಡೆ.

"ಆಬೇದಾಗ ಹಾಕೂ ಮುಂದ ನಾ ಇದನ್ನ ಕೇಳಬೇಕಾಗಿತ್ತು," ಎಂದಳು ರಹೀಮುನ್ನಿಸಾ. "ಸತ್ತದ್ದೇ ಹಾಕ್ರಿ ಅಂತ ಎರಡು ವರ್ಷ ಬಡಕೊಂಡವಳು ನಾನೇ ಅಲ್ಲೇನ್ರಿ? ನೀವು ನನ್ನ ಮಾತು ಕೇಳಿದ್ರಿ. ತಪ್ಪು ನಂದೇ ಅದ."

ಹಾಗಲ್ಲ, ಹಾಗಲ್ಲ ಎಂದು ನಾನು ಏನೇನೋ ಹೇಳಹೋದೆ. ಅವಳು ಕೇಳಿಸಿಕೊಳ್ಳಲಿಲ್ಲ. ಮಗುವಿನ ತೋಳನ್ನು ನನ್ನ ಕೈಗೆ ಕೊಟ್ಟು, ಮುಖ ಗೋಡೆಗೆ ತಿರುಗಿಸಿ ನಿಂತಳು.